ಪೇರಲದೊಳಗಿನ ಬೀಗರು

ಆಡೂರು, ತಾಲೂಕ ಹಾನಗಲ್ಲ
ತಾ. 3-12-1942

ಮನೆಯವರಿಗೆ ಸುಶೀಲವ್ವನ ಶರಣು.

ತಿಂಗಳಿಗೊಂದೇ ಪತ್ರ, ಅದರಲ್ಲಿ ಮನೆಯ ಸುದ್ದಿ ಮಾತ್ರ ಇರಬೇಕು, ಜೈಲಿನವರು ಓದಿಯೇ ಕೊಡುತ್ತಾರೆ ಎಂದು ನಿಮ್ಮ ಕಾರ್ಡಿನಿಂದ ತಿಳಿಯಿತು. ಹಾಗಾದರೆ ಮನೆಯ ಸುದ್ದಿಯನ್ನೇ ಬರೆಯುತ್ತೇನೆ. ಚೌತಿಯ ಮರುದಿನ ನಿಮ್ಮನ್ನು ಹಿಡಿದುಕೊಂಡು ಹೋದ ಮೇಲೆ ಅತ್ತೆಯವರು ಮಾತು ಕಡಿಮೆ ಮಾಡಿದ್ದಾರೆ. ಮೈಯಲ್ಲಿ ಆರಾಮ ಇದ್ದಾರೆ. ನಿಮ್ಮ ಜೋಡಿ ಇದ್ದ ಹೊಳಬಸಪ್ಪ ಆ ದಿನ ಕೆರೆಯ ಏರಿ ಹಾರಿ ಹೋದವನು ಇನ್ನೂ ಪತ್ತೆಯಿಲ್ಲ. ಅವನ ತಾಯಿ ತಿಪ್ಪವ್ವ ದಿನಾ ನಮ್ಮ ಕಟ್ಟೆಗೆ ಬಂದು ಕೂತು ಹೋಗುತ್ತಾಳೆ.

ಪೇರಲ ತೋಟದ ಸುದ್ದಿ ಮಾತ್ರ ಚಲೋ ಇಲ್ಲ. ಹಣ್ಣು ಗಿಡದಲ್ಲಿದ್ದಾಗ ಮೇಲೆಲ್ಲ ಚೊಕ್ಕ. ಬಿದ್ದದ್ದನ್ನು ಎತ್ತಿ ನೋಡಿದರೆ ಒಳಗೆ ಕೊಳೆತು ಕಪ್ಪಾಗಿರುತ್ತದೆ. ಎಲ್ಲೋ ಒಂದು ಕಡೆ ಸಣ್ಣ ತೂತು, ಅದರ ಬಾಯಿಗೆ ಕೆಂಪು ರವೆಯಂಥ ಹುಡಿ, ಆ ಹುಡಿ ಉದುರದಂತೆ ಯಾರೋ ರೇಷ್ಮೆ ಎಳೆಯಿಂದ ಹೆಣೆದು ನಿಲ್ಲಿಸಿದ್ದಾರೆ. ಸವಣೂರಿನ ಉಸ್ಮಾನಸಾಬ ಹಣ್ಣು ಒಯ್ಯಲು ಚಕ್ಕಡಿ ಹೂಡಿಕೊಂಡು ಬಂದಿದ್ದ. ನಾಲ್ಕು ಹಣ್ಣು ಮುರಿದು ನೋಡಿ, “ತಂಗಿ, ಈ ವರ್ಷ ಇವು ಯಲವಿಗಿ ಸ್ಟೇಶನ್ ಕಾಣೂದಿಲ್ಲ ನೋಡವಾ” ಎಂದು ಬರಿಯ ಬುಟ್ಟಿಗಳನ್ನು ಹಾಗೆಯೇ ವಾಪಸು ಒಯ್ದ.

ಯಾರದೋ ಕೆಟ್ಟ ಕಣ್ಣು ಬಿದ್ದಿದೆ ಎಂದು ಅತ್ತೆಯವರು ಮೊದಲ ಸಾಲಿನ ಗಿಡಕ್ಕೆ ಹಳೆಯ ಕೆರ ಕಟ್ಟಿದ್ದಾರೆ. ಅದು ನಿಮ್ಮ ಕಾಲಿನದೇ ಕೆರ. ನಾನು ಬೇಡವೆನ್ನಲಿಲ್ಲ. ಏನು ಮಾಡಬೇಕೆಂದು ತಿಳಿಸಿರಿ.

ಸುಶೀಲವ್ವ

———

ಜೈಲು
ತಾ. 20-12-1942

ಚಿ. ಸೌ. ಸುಶೀಲಾಳಿಗೆ ಕುಬೇರಪ್ಪನ ಆಶೀರ್ವಾದ.

ನಿನ್ನ ಪತ್ರ ಬಂತು. ಎರಡು ಸಾಲಿಗೆ ಮಸಿ ಬಳಿದಿದ್ದರು, ಉಳಿದದ್ದನ್ನು ಎಷ್ಟು ಸಲ ಓದಿದೆನೋ. ನಾನು ಆರಾಮ ಇದ್ದೇನೆ. ಊಟ ಸರಿಯಾಗಿದೆ. ಅವ್ವನಿಗೂ ಹಾಗೇ ಹೇಳು.

ಹಣ್ಣಿಗೆ ಕಣ್ಣು ಬಿದ್ದದ್ದಲ್ಲ. ಸಾಲೆಯಲ್ಲಿ ಹುಡುಗರಿಗೆ ಹೇಳುತ್ತಿದ್ದದ್ದನ್ನೇ ನಿನಗೆ ಹೇಳುತ್ತೇನೆ: ಕೊಯ್ದು ನೋಡು. ಒಳಗೆ ಯಾರಿದ್ದಾರೆ ನೋಡು. ಕಂಡದ್ದನ್ನು ಕಂಡ ಹಾಗೆ ಬರೆ. ನನಗೆ ಇಲ್ಲಿ ನೋಡಲು ಒಂದು ಗೋಡೆ, ಅದರ ಮೇಲೆ ಒಂದಿಷ್ಟು ಆಕಾಶ. ನೀನು ಬರೆದರೆ ನಮ್ಮ ತೋಟದಲ್ಲಿ ಒಂದು ಸುತ್ತು ಹಾಕಿ ಬಂದಂತಾಗುತ್ತದೆ.

ಕುಬೇರಪ್ಪ

———

ಆಡೂರು
ತಾ. 10-1-1943

ಮನೆಯವರಿಗೆ ಶರಣು.

ಕೊಯ್ದು ನೋಡಿದೆ. ಒಳಗೆ ಒಬ್ಬರೇ ಇದ್ದರು.

ಅರ್ಧ ಬೆರಳಿನಷ್ಟು ಉದ್ದ. ನಸುಗೆಂಪು ಮೈ, ಕಂದು ತಲೆ. ಬೆನ್ನಿನ ಮೇಲೆ ಸಾಲಾಗಿ ಕಂದು ಚುಕ್ಕೆ, ಒಂದೊಂದು ಚುಕ್ಕೆಗೂ ಒಂದೊಂದು ಕೂದಲು. ಬೆಳಕು ಬಿದ್ದೊಡನೆ ತಿರುಗಿ ನೋಡದೆ ಹಿಂದಕ್ಕೆ ಹಿಂದಕ್ಕೆ ಸರಿದು ತಮ್ಮ ಸುರಂಗ ಸೇರಿಕೊಂಡರು. ಆ ಸುರಂಗವನ್ನು ನೀವು ನೋಡಬೇಕಿತ್ತು. ಮೆತ್ತನೆಯ ತಿರುಳಿನಲ್ಲಿ, ಬೀಜದಿಂದ ಬೀಜಕ್ಕೆ ಬೀದಿ ಹಾಕಿದಂತೆ ತಿರುಗಿದ್ದಾರೆ. ಗೋಡೆಗೆಲ್ಲ ರೇಷ್ಮೆ ಎಳೆಯ ಗಿಲಾವು ಮಾಡಿದ್ದಾರೆ. ಕಸವನ್ನೆಲ್ಲ ಬಾಗಿಲಿಗೆ ತಂದು ಹಾಕಿದ್ದಾರೆ, ಅದೇ ನಾನು ಬರೆದ ಕೆಂಪು ರವೆ. ಒಬ್ಬರೇ ಇದ್ದು, ಕತ್ತಲಲ್ಲಿ, ಯಾರೂ ಕಲಿಸದೆ ಇಷ್ಟೆಲ್ಲ ಮಾಡಿದ್ದಾರೆ. ನಾನು ಕುಡುಗೋಲು ಕೆಳಗಿಟ್ಟೆ.

ಕರೆಯದೆ ಬಂದು, ನಡುಮನೆಯಲ್ಲಿ ಕೂತು, ಉಂಡದ್ದೇ ಉಂಡು ಹೊರಡುವ ಮಾತೇ ಎತ್ತದವರಿಗೆ ಬೀಗರು ಎನ್ನದೆ ಏನೆನ್ನಲಿ? ಇದನ್ನು ಹೇಳಿದಾಗ ಅತ್ತೆಯವರು ನಕ್ಕರು. ನೀವು ಹೋದ ಮೇಲೆ ಇದೇ ಮೊದಲು.

ಬೀಗರನ್ನು ಹೊರಗೆ ಹಾಕಿಲ್ಲ. ತೋಟದ ಗುಡಿಸಲಿನಲ್ಲಿ ಇಟ್ಟುಕೊಂಡಿದ್ದೇನೆ. ಹೊಟ್ಟೆಗೂ ಹಾಕುತ್ತಿದ್ದೇನೆ. ಯಾರಿಗೂ ಹೇಳಿಲ್ಲ, ಗೊತ್ತಾದರೆ ಊರವರು ಆಡಿಕೊಳ್ಳುತ್ತಾರೆ. ಮುಂದೆ ಏನಾಗುತ್ತಾರೆ ಎಂಬುದನ್ನು ಕಾಣುವವರೆಗೆ ಬಿಡುವುದಿಲ್ಲ.

ಇನ್ನೊಂದು. ತೋಟದ ಸುತ್ತ ಹಚ್ಚಿದ ಔಡಲದ ಕಾಯಿಯಲ್ಲೂ ಇಂಥವರೇ ಇದ್ದಾರೆ. ಔಡಲದ ಎಲೆಯ ಅಡಿಗೆ ಸಣ್ಣ ಹಳದಿ ಪಾತರಗಿತ್ತಿಗಳು ಕೂತಿರುತ್ತವೆ, ಅರಿಷಿಣದ ಮೇಲೆ ಎಳ್ಳು ಚೆಲ್ಲಿದಂತೆ ರೆಕ್ಕೆಯ ತುಂಬ ಕರಿ ಚುಕ್ಕೆ. ಅವಕ್ಕೂ ಇವರಿಗೂ ಏನೋ ಸಂಬಂಧ ಇದೆ ಎಂದು ನನ್ನ ಗುಮಾನಿ. ಔಡಲ ಕಡಿಸಿಬಿಡೋಣ ಎಂದರೆ ಅತ್ತೆಯವರು ಅಡ್ಡ ನಿಂತರು. “ಔಡಲಕ್ಕ ಕೈ ಹಚ್ಚಬ್ಯಾಡವಾ” ಎಂದು ಒಂದೇ ಮಾತು. ಹರಳೆಣ್ಣೆಯ ಆಸೆ ಇರಬೇಕು.

ಸುಶೀಲವ್ವ

———

ಜೈಲು
ತಾ. 30-1-1943

ಚಿ. ಸೌ. ಸುಶೀಲಾಳಿಗೆ.

ಪತ್ರ ಬಂತು. ಬಹಳಷ್ಟು ಮಸಿಯೇ ಇತ್ತು. ಉಳಿದ ಸಾಲು ಓದಿ ನಿದ್ದೆ ಹತ್ತಲಿಲ್ಲ.

ಬೀಗರನ್ನು ತೋಟದಲ್ಲಿ ಇಟ್ಟುಕೊಳ್ಳಬೇಡ. ನಿನ್ನ ಧೈರ್ಯ ನನಗೆ ಗೊತ್ತು, ಆದರೆ ಮನೆಯಲ್ಲಿ ಇಬ್ಬರೂ ಹೆಣ್ಣುಮಕ್ಕಳು, ಅವ್ವನಿಗೆ ವಯಸ್ಸಾಗಿದೆ. ಒಂದು ಹೊತ್ತು ಊಟ ಹಾಕಿ ದಾರಿ ತೋರಿಸು. ಅವರು ಬೇರೆ ಕಡೆ ಹೋಗಲಿ. ಈ ವಿಷಯ ಇನ್ನು ಪತ್ರದಲ್ಲಿ ಬರೆಯಬೇಡ.

ಕುಬೇರಪ್ಪ

———

ಆಡೂರು
ತಾ. 14-2-1943

ಮನೆಯವರಿಗೆ ಶರಣು.

ನಿಮ್ಮ ಪತ್ರ ನನಗೆ ತಿಳಿಯಲಿಲ್ಲ. ಕೊಯ್ದು ನೋಡು ಎಂದವರು ನೀವು. ಕಂಡದ್ದನ್ನು ಬರೆ ಎಂದವರೂ ನೀವು. ಈಗ ಬರೆಯಬೇಡ ಎನ್ನುತ್ತೀರಿ. ಇಷ್ಟು ಸಣ್ಣವರಿಗೆ ನೀವು ಯಾಕೆ ಹೆದರಬೇಕು? ಹೆಂಗಸು ಹೊಲಮನಿ ಬಿಟ್ಟು ಇಂಥದರ ಹಿಂದೆ ಬಿದ್ದಳು ಎಂದು ಬೇಸರವೇ? ಇದ್ದರೂ ಇರಲಿ, ನಾನು ಬರೆಯದೆ ಇರಲಾರೆ, ಯಾಕೆಂದರೆ ಹೇಳಲು ಬೇರೆ ಯಾರೂ ಇಲ್ಲ.

ಬೀಗರು ಉಣ್ಣುವುದನ್ನು ಬಿಟ್ಟಿದ್ದಾರೆ. ಒಂದು ದಿನ ಸುಮ್ಮನೆ ತಿರುಗಾಡಿದರು, ಜಾಗ ನೋಡುವವರಂತೆ. ಆಮೇಲೆ ತಮ್ಮ ಸುತ್ತ ತೆಳ್ಳನೆಯ ಬಿಳಿ ಪರದೆ ನೇಯ್ದು ಒಳಗೆ ಸೇರಿದರು. ಈಗ ಕೈಕಾಲು ಏನೂ ಇಲ್ಲದ, ಹುಣಸೆ ಬೀಜದ ಬಣ್ಣದ ಒಂದು ಗುಳಿಗೆ. ಕಿವಿ ಹತ್ತಿರ ಒಯ್ದರೆ ಸಪ್ಪಳವಿಲ್ಲ. ಸತ್ತರೆಂದು ಬೆರಳಿನಿಂದ ಮುಟ್ಟಿದೆ. ತುದಿ ಮಾತ್ರ ಒಮ್ಮೆ ಹೊರಳಿತು. ನಾನು ಹಿಂದೆ ಸರಿದೆ. ಅವರು ಒಳಗೆ ತಾವೇ ಬೇರೆ ಆಗುತ್ತಿದ್ದಾರೆ, ಅದನ್ನು ನೋಡಲು ಯಾರಿಗೂ ಅಪ್ಪಣೆ ಇಲ್ಲ ಅನಿಸಿತು. ಆಮೇಲೆ ಬೇರೆ ಹಣ್ಣುಗಳಿಂದ ತಂದಿಟ್ಟವರೂ ಇದ್ದಾರೆ, ಎಲ್ಲರೂ ಒಮ್ಮೆಗೇ ಒಳಗೆ ಹೋಗಿಲ್ಲ, ಹಿಂದೆ ಮುಂದೆ ಇದ್ದಾರೆ. ಶಿವರಾತ್ರಿಯ ಹೊತ್ತಿಗೆ ಹೊರಗೆ ಬರಬಹುದು.

ಉಸ್ಮಾನಸಾಬ ಅಳಿಯನನ್ನು ಕಾಣಲು ಆ ಕಡೆ ಬರುತ್ತಾನೆ. ಅವನ ಕೈಯಲ್ಲಿ ಒಂದು ಬುಟ್ಟಿ ಪೇರಲ ಕಳಿಸಿದ್ದೇನೆ. ಎಲ್ಲ ಚಲೋ ಹಣ್ಣು. ಒಂದರಲ್ಲಿ ಮಾತ್ರ ತೂತು ಇದೆ. ಅದು ತಪ್ಪಿ ಬಂದದ್ದಲ್ಲ.

ಸುಶೀಲವ್ವ

———

ಜೈಲು
ತಾ. 28-2-1943

ಸುಶೀಲಾ,

ನಿನ್ನ ಪತ್ರ ನನ್ನ ಕೈಗೆ ಕೊಡಲಿಲ್ಲ. ಹಣ್ಣು ಬಂದವು. ನಮ್ಮ ಬರಾಕಿನವರೆಲ್ಲ ಹಂಚಿಕೊಂಡು ತಿಂದೆವು. ಒಂದು ಕೆಟ್ಟಿತ್ತು.

ನಾಳೆ ನಾಡಿದ್ದರಲ್ಲಿ ನಾನೊಂದು ಕಾಗದಕ್ಕೆ ರುಜು ಹಾಕಬೇಕಾಗಬಹುದು. ಹಾಕಿದರೆ ಮನೆಗೆ ಬರುತ್ತೇನೆ. ಆಮೇಲೆ ಊರಲ್ಲಿ ತಲೆ ಎತ್ತಿ ತಿರುಗಾಡಲು ಆಗಲಿಕ್ಕಿಲ್ಲ. ಯಾಕೆ ಎಂದು ನೀನು ಕೇಳಬೇಡ. ಅವ್ವ ಕೇಳಿದರೆ ಹಣ್ಣು ರುಚಿಯಾಗಿದ್ದವು ಎಂದು ಹೇಳು.

ಕುಬೇರಪ್ಪ

———

ಆಡೂರು
ತಾ. 12-3-1943

ಮನೆಯವರಿಗೆ ಶರಣು.

ಇಲ್ಲಿ ಎಲ್ಲ ಆರಾಮ. ಬೀಗರು ಹೊರಗೆ ಬಂದರು, ಹೋದರು. ನನ್ನ ಗುಮಾನಿ ಸರಿ ಇತ್ತು. ಹೆಚ್ಚು ಬರೆಯುವುದಿಲ್ಲ.

ಯಾವ ಕಾಗದ, ಯಾವ ರುಜು ನನಗೆ ತಿಳಿಯದು. ನಮಗಾಗಿ ಏನನ್ನೂ ಮಾಡಬೇಡಿರಿ. ಅತ್ತೆಯವರೂ ಇದನ್ನೇ ಹೇಳಲು ಹೇಳಿದ್ದಾರೆ.

ಸುಶೀಲವ್ವ

———

ಹಿರೇಕೆರೂರು
ತಾ. 18-1-1944

ಚಿ. ಸೌ. ಸುಶೀಲಾಳಿಗೆ ಕುಬೇರಪ್ಪನ ಆಶೀರ್ವಾದ.

ಹೋದ ವಾರ ನನ್ನನ್ನು ಬಿಟ್ಟರು. ಆದರೆ ಒಂದು ವರ್ಷ ಹಾನಗಲ್ಲ ತಾಲೂಕಿನಲ್ಲಿ ಕಾಲಿಡಬಾರದೆಂದು ಹುಕುಂ ಮಾಡಿದ್ದಾರೆ. ಹಾಗಾಗಿ ಹಿರೇಕೆರೂರಿನಲ್ಲಿ ನಮ್ಮ ಬಳಗದ ದಾನಕ್ಕನ ಮನೆಯಲ್ಲಿದ್ದೇನೆ. ಹತ್ತು ತಿಂಗಳು ನನ್ನಿಂದ ಒಂದು ಅಕ್ಷರ ಬರದಿದ್ದಕ್ಕೆ ನೀನು ಏನೆಂದುಕೊಂಡೆಯೋ. ಮಾರ್ಚಿನಿಂದ ನನ್ನ ಪತ್ರದ ಸವಲತ್ತು ನಿಲ್ಲಿಸಿದ್ದರು. ಇದನ್ನು ಅಂಚೆಗೆ ಹಾಕದೆ ಉಸ್ಮಾನಸಾಬನ ಕೈಯಲ್ಲಿ ಕಳಿಸುತ್ತಿದ್ದೇನೆ. ಆದ್ದರಿಂದ ಎಲ್ಲವನ್ನೂ ಬರೆಯುತ್ತೇನೆ.

ಜನವರಿಯ ನಿನ್ನ ಪತ್ರದಲ್ಲಿ ಹುಳದ ಮೈ, ಚುಕ್ಕೆ, ಸುರಂಗ, ಔಡಲ ಎಲ್ಲಕ್ಕೂ ಮಸಿ ಬಿದ್ದಿತ್ತು. ನನಗೆ ಓದಲು ಸಿಕ್ಕದ್ದು ಇಷ್ಟೇ: ಒಳಗೆ ಒಬ್ಬರೇ ಇದ್ದರು. ಬೀಗರನ್ನು ಹೊರಗೆ ಹಾಕಿಲ್ಲ, ತೋಟದ ಗುಡಿಸಲಿನಲ್ಲಿ ಇಟ್ಟುಕೊಂಡಿದ್ದೇನೆ, ಯಾರಿಗೂ ಹೇಳಿಲ್ಲ. ನೀನೇ ಹೇಳು, ನಾನು ಏನು ತಿಳಿಯಬೇಕು? ಹೊಳಬಸಪ್ಪನನ್ನು ನೀನು ಬಚ್ಚಿಟ್ಟಿದ್ದೀ ಎಂದೇ ತಿಳಿದೆ. ಹೆದರಿಕೆಯೂ ಆಯಿತು, ಎದೆಯೂ ಉಬ್ಬಿತು.

ಪತ್ರ ಓದುವ ಅಧಿಕಾರಿಯೂ ಹಾಗೇ ತಿಳಿದಿದ್ದ. ಕನ್ನಡ ಬಲ್ಲವನು, ನಮ್ಮ ಕಡೆಯವನೇ. ಮಸಿ ಬಳಿಯುವ ಮುಂಚೆ ಎಲ್ಲವನ್ನೂ ನಕಲು ಮಾಡಿಟ್ಟುಕೊಂಡಿದ್ದ. ಕಂದು ಚುಕ್ಕೆ, ಕರಿ ಚುಕ್ಕೆ ಎಲ್ಲ ಗುಪ್ತ ಸಂಕೇತವೆಂದು ಅವನ ನಂಬಿಕೆ. ಬೀಗರ ಸಾಲುಗಳನ್ನು ಮಾತ್ರ, ನಾನು ಏನು ಉತ್ತರ ಬರೆಯುತ್ತೇನೆ ನೋಡೋಣ ಎಂದು ಬೇಕೆಂದೇ ಬಿಟ್ಟಿದ್ದ. ಫೆಬ್ರುವರಿಯ ಪತ್ರ ಬಂದ ಮೇಲೆ ನನ್ನನ್ನು ಕರೆಸಿ, ಶಿವರಾತ್ರಿಗೆ ಬೀಗ ಹೊರಗೆ ಬರುತ್ತಾನಂತೆ, ಅವನ ಜೊತೆ ನಿನ್ನ ಹೆಂಡತಿಯೂ ಒಳಗೆ ಬರುತ್ತಾಳೆ, ಮಾಫಿ ಪತ್ರಕ್ಕೆ ರುಜು ಹಾಕಿದರೆ ಅವಳನ್ನು ಬಿಡಿಸುತ್ತೇನೆ ಎಂದ. ಎರಡು ದಿನ ಸಮಯ ಕೊಟ್ಟ. ಸುಶೀಲಾ, ನಾನು ರುಜು ಹಾಕುವವನೇ ಇದ್ದೆ.

ನೀನು ಕಳಿಸಿದ ಹಣ್ಣುಗಳಲ್ಲಿ ಆ ಒಂದನ್ನು ಎಲ್ಲರೂ ಎಸೆ ಎಂದರು. ನಾನು ಎಸೆಯಲಿಲ್ಲ. ಕೆಟ್ಟರೂ ಅದರಲ್ಲಿ ನಮ್ಮ ತೋಟದ ವಾಸನೆ ಇತ್ತು. ಜರ್ಮನ್ ತಗಡಿನ ಬಟ್ಟಲಿನಲ್ಲಿಟ್ಟು ಮೇಲೆ ನನ್ನ ಟೊಪ್ಪಿಗೆ ಮುಚ್ಚಿದ್ದೆ. ಹಣ್ಣು ಒಣಗಿ ಸುರುಟಿ ಹೋಯಿತು. ರುಜು ಹಾಕಬೇಕಾದ ಮುಂಜಾನೆ ತಲೆಗಿಟ್ಟುಕೊಳ್ಳಲು ಟೊಪ್ಪಿಗೆ ಎತ್ತಿದೆ. ಅದರ ಒಳಮಗ್ಗುಲಿಗೆ ಏನೋ ಹಿಡಿದುಕೊಂಡಿತ್ತು. ಒದ್ದೆಯಾದ, ಮುದುಡಿದ, ಹೆಸರಿಲ್ಲದ ಒಂದು ಜೀವ. ರೆಕ್ಕೆ ಇರಬೇಕಾದ ಜಾಗದಲ್ಲಿ ಎರಡು ಸಣ್ಣ ಚಿಂದಿ.

ನನ್ನ ಪಕ್ಕದಲ್ಲಿ ಮಲಗುತ್ತಿದ್ದ ಶಿಗ್ಗಾವಿಯ ಅಜ್ಜಪ್ಪನವರು, ಎಪ್ಪತ್ತು ದಾಟಿದ ಒಕ್ಕಲಿಗರು, “ಅಲುಗಾಡಿಸಬ್ಯಾಡೊ ತಮ್ಮಾ” ಎಂದರು. ನಾನು ಟೊಪ್ಪಿಗೆಯನ್ನು ಕೈಯಲ್ಲಿ ಹಿಡಿದುಕೊಂಡು ಕಿಟಕಿಯ ಬೆಳಕಿಗೆ ನಿಂತೆ. ಆ ಚಿಂದಿಗಳು ಬೆಳೆಯತೊಡಗಿದವು. ನೋಡುತ್ತಿದ್ದಂತೆಯೇ, ಯಾರೋ ಒಳಗಿನಿಂದ ಉಸಿರು ತುಂಬುತ್ತಿರುವ ಹಾಗೆ, ಮಡಿಕೆ ಮಡಿಕೆ ಬಿಚ್ಚಿಕೊಂಡು ಕೆಳಗಿಳಿದವು. ಮೊದಲು ಬಿಳಿಚು, ಆಮೇಲೆ ಹಳದಿ, ಆ ಹಳದಿಯಲ್ಲಿ ಒಂದೊಂದಾಗಿ ಕಪ್ಪು ಮೂಡಿತು. ಬರಾಕಿನ ಅಷ್ಟೂ ಜನ ಸುತ್ತ ನೆರೆದಿದ್ದರು. ದಿನವೂ ಘೋಷಣೆ ಕೂಗುವವರು, ಗಂಜಿಗಾಗಿ ಜಗಳವಾಡುವವರು, ಒಬ್ಬರೂ ಕೆಮ್ಮಲಿಲ್ಲ. ಕಾವಲಿನವನು ಕೂಡ ಬಂದೂಕು ಗೋಡೆಗೆ ಒರಗಿಸಿ ಕತ್ತು ಚಾಚಿದ್ದ.

ಆಗ ಆ ಅಧಿಕಾರಿ ರುಜುವಿನ ಕಾಗದ ಹಿಡಿದುಕೊಂಡು ಬಂದ. ಯಾರೂ ಎದ್ದು ನಿಲ್ಲದಿದ್ದಕ್ಕೆ ಸಿಟ್ಟಾಗಿ ಒಳಗೆ ನುಗ್ಗಿದವನು ಟೊಪ್ಪಿಗೆಯ ಎದುರು ನಿಂತುಬಿಟ್ಟ. ಬಹಳ ಹೊತ್ತು ನೋಡಿದ. ಜೇಬಿನಿಂದ ನಿನ್ನ ಪತ್ರದ ನಕಲು ತೆಗೆದು ತನ್ನಷ್ಟಕ್ಕೆ ಓದಲು ಸುರು ಮಾಡಿದ. ಅಜ್ಜಪ್ಪನವರು, “ಎಲ್ಲರಿಗೂ ಕೇಳುವಂಗ ಓದ್ರಿ ಸಾಹೇಬರ” ಎಂದರು. ಅವನು ಓದಿದ. ನಸುಗೆಂಪು ಮೈ, ಬೀಜದಿಂದ ಬೀಜಕ್ಕೆ ಬೀದಿ, ಅರಿಷಿಣದ ಮೇಲೆ ಎಳ್ಳು. ನಿನ್ನ ಮಾತುಗಳನ್ನು ನಾನು ಮೊದಲ ಸಲ ಕೇಳಿದ್ದು ಅವನ ಬಾಯಲ್ಲಿ, ನಲವತ್ತು ಜನರ ನಡುವೆ, ಆ ಜೀವ ನನ್ನ ಕೈಯಲ್ಲಿ ರೆಕ್ಕೆ ಆರಿಸಿಕೊಳ್ಳುತ್ತಿರುವಾಗ. ಕಾಗದ ಮಡಚಿ ಅವನು ಮೆಲ್ಲಗೆ, “ಅಲ್ಲೋ ಮಾಸ್ತರ, ಇದು ಖರೇನ ಹುಳಾನ ಐತಲ್ಲೋ” ಎಂದ.

ನಾನು ರುಜು ಹಾಕುವುದಿಲ್ಲ ಎಂದೆ. ಅವನು ಒತ್ತಾಯ ಮಾಡಲಿಲ್ಲ. ಆದರೆ ತೋಟ ಶೋಧಿಸಲು ಹಾನಗಲ್ಲಿನ ಪೊಲೀಸರಿಗೆ ತಂತಿ ಕಳಿಸಿದ್ದೀರಾ ಎಂದು ನಾನು ಕೇಳಿದಾಗ ರುಜುವಿನ ಕಾಗದ ಎತ್ತಿಕೊಂಡು ಹೊರಟುಹೋದ. ಮಾಫಿ ಬೇಡವೆಂದವನಿಗೆ ಪತ್ರವೂ ಬೇಡ ಎಂದು ಮೇಲಿನವರು ತೀರ್ಮಾನಿಸಿದರು.

ಅಂದು ಸಂಜೆಯವರೆಗೂ ಬರಾಕಿನಲ್ಲಿ ಅದೇ ಮಾತು. ಶಿರಸಿ ಕಡೆಯವನೊಬ್ಬ ಇದು ನಮ್ಮ ಏಲಕ್ಕಿಯ ದಂಟು ಕೊರೆಯುವ ಹುಳದ್ದೇ ಪತಂಗ ಎಂದ. ಇನ್ನೊಬ್ಬ ತನ್ನೂರಿನ ದಾಳಿಂಬೆಯಲ್ಲಿ ಕಂಡದ್ದೆಂದ. ಅರಿಷಿಣದ ಹೊಲದಲ್ಲಿ ಕಂಡೆ ಎಂದವರೂ ಇದ್ದರು. ಒಂದೇ ಜಾತಿಯೋ, ನೋಡಲು ಒಂದೇ ಥರ ಇರುವ ಅಣ್ಣತಮ್ಮಂದಿರ ಬಳಗವೋ ಯಾರಿಗೂ ಹೇಳಲಾಗಲಿಲ್ಲ. ನಮ್ಮ ನಮ್ಮ ಊರಿನಲ್ಲಿ ನಾವು ಇದನ್ನು ಕಾಲಲ್ಲಿ ಹೊಸಕಿದವರೇ. ಇಷ್ಟೊಂದು ನೆಲದ ಮೇಲೆ, ಇಷ್ಟೊಂದು ಹಣ್ಣಿನ ಕತ್ತಲಲ್ಲಿ, ಈ ಕೆಲಸ ನಮ್ಮ ಬೆನ್ನ ಹಿಂದೆ ನಡೆಯುತ್ತಲೇ ಬಂದಿದೆ ಎಂಬುದು ನನಗೆ ಆ ದಿನ ಹೊಳೆದದ್ದು.

ನಿನಗೆ ಆ ಶಿವರಾತ್ರಿಯಲ್ಲಿ ಏನಾಯಿತು? ಬಿಡುಗಡೆಯ ದಿನ ನನ್ನ ಕೈಗೆ ಕೊಟ್ಟ ನಿನ್ನ ಮಾರ್ಚಿನ ಪತ್ರದಲ್ಲಿ ಎಲ್ಲ ಆರಾಮ ಎಂದು ಬರೆದಿದ್ದೆ. ಈಗ ಖರೇದನ್ನು ಬರೆ.

ಕುಬೇರಪ್ಪ

———

ಆಡೂರು
ತಾ. 24-1-1944

ಮನೆಯವರಿಗೆ ಸುಶೀಲವ್ವನ ಶರಣು.

ನಿಮ್ಮ ಪತ್ರವನ್ನು ಅತ್ತೆಯವರಿಗೆ ಎರಡು ಸಲ ಓದಿ ಹೇಳಿದೆ. ಟೊಪ್ಪಿಗೆಯ ಭಾಗ ಬಂದಾಗ ಉಸ್ಮಾನಸಾಬನೂ ಚಾ ಬಿಟ್ಟು ಕೇಳುತ್ತ ಕೂತ.

ಖರೇದು ಇದು. ಶಿವರಾತ್ರಿಯ ಮರುದಿನ ಬೆಳಗಿನಲ್ಲಿ ಫೌಜದಾರ ಮತ್ತು ಪೊಲೀಸರು ತೋಟ ಸುತ್ತುವರಿದರು. ಗುಡಿಸಲಿನ ಹುಲ್ಲು ಕಿತ್ತರು, ನೆಲವನ್ನು ಹಾರೆಯಿಂದ ಅಗೆದರು. ನನ್ನನ್ನು ನಡುವೆ ನಿಲ್ಲಿಸಿ ಫೌಜದಾರ ಬೀಗರು ಎಲ್ಲಿದ್ದಾರೆ ಎಂದು ಗದರಿಸಿ ಕೇಳಿದ. ನನಗೆ ಹೆದರಿಕೆಯಲ್ಲಿ ಬೇರೇನೂ ತೋಚಲಿಲ್ಲ. ಗುಡಿಸಲಿನ ಗೋಡೆಯ ಗೂಡಿನಲ್ಲಿ ಹುಳ ಸಾಕಿದ್ದ ಗಡಿಗೆಯ ಕಡೆ ಕೈ ಮಾಡಿ, “ಆ ಗಡಿಗ್ಯಾಗ ಅದಾರ್ರೀ” ಎಂದೆ.

ಅವನು ನಗಲಿಲ್ಲ. ಗಡಿಗೆಯನ್ನು ಬಿಸಿಲಿಗೆ ತಂದು ಬಾಯಿಗೆ ಕಟ್ಟಿದ ಅರಿವೆಯನ್ನು ತಾನೇ ಬಿಚ್ಚಿದ. ಆ ಬೆಳಗಿಗೆ ಏಳೆಂಟು ಹೊರಗೆ ಬಂದಿದ್ದವು. ಒಮ್ಮೆಗೇ ಹಾರಲಿಲ್ಲ. ಗಡಿಗೆಯ ಅಂಚಿಗೆ ಏರಿ ಒಂದೊಂದೂ ತುಸು ನಿಂತು, ಬಿಸಿಲಿಗೆ ರೆಕ್ಕೆ ಹರವಿದವು. ಅಷ್ಟು ಹಳದಿಯನ್ನು ನಾನು ಮದುವೆಮನೆಯಲ್ಲೂ ಕಂಡಿಲ್ಲ. ಒಂದು ಅವನ ಖಾಕಿ ತೋಳಿನ ಮೇಲೆ ಕೂತಿತು. ಅವನು ಕೈ ಚಾಚಿದವನು ಚಾಚಿದ ಹಾಗೇ ನಿಂತ. ಉಸಿರು ಬಿಟ್ಟರೆ ಹಾರಿಹೋದೀತು ಎಂದು ಬಾಯಿ ಬಿಗಿ ಹಿಡಿದಿದ್ದ. ಅಗೆಯುತ್ತಿದ್ದವರು ಹಾರೆ ಬಿಟ್ಟು ಬಂದರು. ಔಡಲದ ಕಡೆ ಕಾವಲಿದ್ದವರೂ ಬಂದರು. ನನಗೆ ಅವರ ಮೇಲಿದ್ದ ಸಿಟ್ಟು ಆ ಗಳಿಗೆಯಲ್ಲಿ ಎಲ್ಲಿ ಹೋಯಿತೋ. ನಾವೆಲ್ಲ ಒಂದೇ ಕಡೆ ನೋಡುತ್ತ ನಿಂತಿದ್ದೆವು. ಅದು ಹಾರಿದ ಮೇಲೆ ಫೌಜದಾರ ಇದೇನು ಎಂದು ಕೇಳಿದ. “ಪತ್ರದಾಗ ಬರದಿದ್ದೆನಲ್ರೀ, ಅದ” ಎಂದೆ. ಕುಡಿಯಲು ನೀರು ಕೇಳಿದ. ಕುಡಿದು ಜನರನ್ನು ಕರೆದುಕೊಂಡು ಹೋದ. ಆಮೇಲೆ ಒಂದು ದಿನ ಹಾನಗಲ್ಲಿಗೆ ಕರೆಸಿ ಜಬಾಬು ಬರೆಸಿಕೊಂಡರು, ಅಷ್ಟೇ.

ಈಗ ಕೇಳಿರಿ, ನಾನೂ ಇದನ್ನು ತಿಳಿದದ್ದು ಅವರು ಹೋದ ಮೇಲೆಯೇ. ಅತ್ತೆಯವರು ಕಟ್ಟೆಯ ಮೇಲೆ ಕುಸಿದು ಕೂತಿದ್ದರು. ಪೊಲೀಸರ ಹೆದರಿಕೆ ಎಂದುಕೊಂಡು ಸಮಾಧಾನ ಮಾಡಲು ಹೋದೆ. “ಹೊಳಬಸಪ್ಪ ಔಡಲದಾಗ ಇದ್ದನವಾ” ಎಂದರು. ದೀಪಾವಳಿಯಿಂದಲೂ ಅವನು ಆಗಾಗ ನಸುಕಿನಲ್ಲಿ ಬರುತ್ತಿದ್ದನಂತೆ. ಅತ್ತೆಯವರು ರೊಟ್ಟಿ ಕಟ್ಟಿ ಔಡಲದ ದಟ್ಟಣೆಯಲ್ಲಿ ಇಟ್ಟು ಬರುತ್ತಿದ್ದರಂತೆ. ತಿಪ್ಪವ್ವ ನಮ್ಮ ಕಟ್ಟೆಗೆ ಬಂದು ಕೂರುತ್ತಿದ್ದದ್ದು ಮಗನ ಸುದ್ದಿ ಕೇಳಲು. ನನಗೆ ಹೇಳಿದರೆ ನಾನು ನಿಮಗೆ ಬರೆದೇನು ಎಂದು ಮುಚ್ಚಿಟ್ಟಿದ್ದರು. ಆ ದಿನ ಬೆಳಗ್ಗೆಯೂ ಅವನು ಅಲ್ಲೇ ಇದ್ದ. ಕಾವಲಿನವರು ಗಡಿಗೆಯ ಕಡೆ ಬಂದು ನಿಂತ ಹೊತ್ತಿನಲ್ಲಿ ಔಡಲ ದಾಟಿ, ಹಳ್ಳ ಹಿಡಿದು ಹೋದ. ಈಗ ಗಡಿಯಾಚೆ ಮೈಸೂರು ಸೀಮೆಯಲ್ಲಿ ಯಾರದೋ ಗಾಣದಲ್ಲಿ ದುಡಿಯುತ್ತಾನಂತೆ. ಈ ಪತ್ರ ಓದಿ ಒಲೆಗೆ ಹಾಕಿರಿ.

ಹೀಗೆ ನೀವು ಓದಿದ್ದು ತಪ್ಪು, ಆದರೂ ಖರೇ. ನಾನು ಬರೆದದ್ದು ಖರೇ, ಆದರೂ ಅರ್ಧ. ಅತ್ತೆಯವರು ಮಾತ್ರ ಏನನ್ನೂ ಬರೆಯಲಿಲ್ಲ, ಓದಲಿಲ್ಲ.

ಈ ವರ್ಷ ಔಡಲ ಕಡಿಸಿದ್ದೇನೆ. ಅತ್ತೆಯವರು ಅಡ್ಡ ಬರಲಿಲ್ಲ. ಬಿದ್ದ ಹಣ್ಣನ್ನು ದಿನಾ ಆರಿಸಿ ಸುಡುತ್ತೇವೆ. ಹಳೆಯ ಧೋತರ ಹರಿದು ಚೀಲ ಹೊಲಿದು, ಕಾಯಿ ನಿಂಬೆಯಷ್ಟಾಗುವ ಮುಂಚೆಯೇ ಒಂದೊಂದಕ್ಕೂ ಕಟ್ಟಿದ್ದೇವೆ. ತೋಟವೆಲ್ಲ ಸಣ್ಣ ಸಣ್ಣ ಬಿಳಿ ಟೊಪ್ಪಿಗೆ ಹಾಕಿಕೊಂಡಂತೆ ಕಾಣುತ್ತದೆ. ಸುಡುವಾಗ ಕೈ ಒಮ್ಮೆ ತಡೆಯುತ್ತದೆ. ಆದರೂ ಸುಡುತ್ತೇನೆ, ನಾವೂ ಉಣ್ಣಬೇಕಲ್ಲ. ಅರ್ಧಕ್ಕಿಂತ ಹೆಚ್ಚು ಹಣ್ಣು ಚೊಕ್ಕ ಬಂದಿವೆ.

ಇನ್ನು ನಿಮ್ಮ ಹುಕುಮಿನ ಮಾತು. ಅದನ್ನು ಉಸ್ಮಾನಸಾಬನಿಂದ ಮತ್ತೆ ಮತ್ತೆ ಕೇಳಿ ತಿಳಿದುಕೊಂಡೆ. ನೀವು ಹಾನಗಲ್ಲ ತಾಲೂಕಿಗೆ ಬರಬಾರದು ಎಂದಿದೆ. ನಾನು ಹಿರೇಕೆರೂರು ತಾಲೂಕಿಗೆ ಬರಬಾರದು ಎಂದು ಯಾವ ಸರಕಾರವೂ ಹೇಳಿಲ್ಲ. ತೋಟ ನೋಡಿಕೊಳ್ಳಲು ತಿಪ್ಪವ್ವ ಒಪ್ಪಿದ್ದಾಳೆ. ಸೋಮವಾರ ನಸುಕಿನಲ್ಲಿ ಚಕ್ಕಡಿ ಹೂಡಿಸುತ್ತೇನೆ. ಅತ್ತೆಯವರು ಈಗಲೇ ಕೌದಿ ಸುತ್ತಿ ಬಾಗಿಲಲ್ಲಿ ಇಟ್ಟುಕೊಂಡು ಕೂತಿದ್ದಾರೆ. ದಾನಕ್ಕನಿಗೆ ಮೂರು ಮಂದಿಗೆ ಹಿಟ್ಟು ನಾದಲು ಹೇಳಿರಿ.

ಸುಶೀಲವ್ವ